ನದಿ, ಬೆಟ್ಟ ಕಲಿಸಿದರೆ ಸಾಕು ಅಂದವರಿಗೆ

ಸಂಪಾದಕರಿಗೆ ನಮಸ್ಕಾರ.

ಎರಡು ವಾರದ ಹಿಂದೆ ನಿಮ್ಮ ವಾಚಕರ ಪತ್ರಗಳಲ್ಲಿ ಒಬ್ಬ ಹಿರಿಯರ ಪತ್ರ ಬಂದಿತ್ತು. ಹೈಸ್ಕೂಲ್ ಮಕ್ಕಳಿಗೆ ವಲಸೆ, ಗಡಿ, ನಿರಾಶ್ರಿತರು ಅಂತೆಲ್ಲ ಯಾಕೆ ಹೇಳಿಕೊಡಬೇಕು, ಅದೆಲ್ಲ ರಾಜಕೀಯದ ಮಾತು, ಭೂಗೋಳ ಕಲಿಸುವವರು ನದಿ, ಬೆಟ್ಟ, ಬೆಳೆ ಕಲಿಸಿದರೆ ಸಾಕು ಅಂತ ಅವರು ಬರೆದಿದ್ದರು. ಕಳಕಳಿಯಿಂದಲೇ ಬರೆದಿದ್ದಾರೆ, ಅದರಲ್ಲಿ ಅನುಮಾನವಿಲ್ಲ. ನಮ್ಮ ಸ್ಟಾಫ್ ರೂಮಿನಲ್ಲಿ ಅದನ್ನು ಎಲ್ಲರಿಗೂ ಕೇಳುವಂತೆ ಓದಿದೆವು. ಗಣಿತದ ಸರ್ "ಖರೇನ ಐತಲ್ರಿ" ಅಂದರು. ನನಗೆ ಮಾತ್ರ ಅದು ಅರಗಲಿಲ್ಲ. ಅದಕ್ಕೇ ಈ ಪತ್ರ. ಉದ್ದ ಆಗುತ್ತದೆ ಅಂತ ಗೊತ್ತು. ಜಾಗ ಇದ್ದಷ್ಟು ಹಾಕಿಕೊಳ್ಳಿ.

ನಾನು ಬಸವನ ಬಾಗೇವಾಡಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. 31 ವರ್ಷದ ನೌಕರಿ. ಬರುವ ವರ್ಷ ನಿವೃತ್ತಿ. ಮಕ್ಕಳು ಅಕ್ಕೋರೆ ಅಂತ ಕರೆಯುತ್ತಾರೆ.

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ.

ವಲಸೆಯ ಪರಿಣಾಮಗಳನ್ನು ಬರೆಯಿರಿ ಅನ್ನುವ 4 ಅಂಕದ ಪ್ರಶ್ನೆಗೆ ನಾನು ವರ್ಷಗಟ್ಟಲೆ ಒಂದೇ ಉತ್ತರ ಬರೆಸಿದ್ದೇನೆ. ನಗರಗಳಲ್ಲಿ ಕೊಳಗೇರಿ ಬೆಳೆಯುತ್ತವೆ. ಅಪರಾಧಗಳು ಹೆಚ್ಚುತ್ತವೆ. ನಿರುದ್ಯೋಗ ಹೆಚ್ಚುತ್ತದೆ. ಮೂಲಸೌಕರ್ಯಗಳ ಮೇಲೆ ಒತ್ತಡ ಬೀಳುತ್ತದೆ. ನಾಲ್ಕು ಅಂಶ, ನಾಲ್ಕು ಅಂಕ. ಇದನ್ನು ನನಗೆ ಬರೆಸಿದವರು ನನ್ನ ಶಿಕ್ಷಕರು. ನಾನು ಹಾಗೇ ಮುಂದಕ್ಕೆ ದಾಟಿಸಿದೆ. ಕೊಳಗೇರಿಯಲ್ಲಿ ನಿಂತು ನೋಡಿದವಳಲ್ಲ, ಅಪರಾಧದ ಲೆಕ್ಕ ತೆಗೆದು ನೋಡಿದವಳೂ ಅಲ್ಲ.

ನಾಲ್ಕು ವರ್ಷದ ಹಿಂದೆ ಒಂಬತ್ತನೇ ತರಗತಿಯ ಪರೀಕ್ಷೆಯಲ್ಲಿ ಒಬ್ಬ ಹುಡುಗಿ ಮೂರು ಅಂಶ ಸರಿಯಾಗಿ ಬರೆದಿದ್ದಳು. ಎರಡನೆಯದನ್ನು, ಅಂದರೆ ಅಪರಾಧದ್ದನ್ನು, ಬಿಟ್ಟಿದ್ದಳು. ಅದರ ಜಾಗದಲ್ಲಿ "ನಮ್ಮ ಮನೆಗೆ ಪತ್ರಾಸ್ ಬಂದವು" ಅಂತ ಬರೆದಿದ್ದಳು. ಪತ್ರಾಸ್ ಅಂದರೆ ಮನೆಯ ಮೇಲೆ ಹೊದಿಸುವ ತಗಡು. ನಾನು ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದು ಮೂರು ಅಂಕ ಕೊಟ್ಟೆ. ಪೇಪರ್ ಕೊಟ್ಟ ದಿನ ಅವಳು ಜಗಳ ಆಡಲಿಲ್ಲ. ಬೆಂಚಿನ ಹತ್ತಿರ ಹೋದಾಗ ಸಣ್ಣ ದನಿಯಲ್ಲಿ ಹೇಳಿದಳು: "ಅಕ್ಕೋರೆ, ನಮ್ಮವ್ವ ಅಪರಾಧ ಮಾಡಾಕ ಹೋಗಿಲ್ರಿ. ಕಬ್ಬು ಕಡಿಯಾಕ ಹೋಗ್ಯಾಳ."

ಅವಳು ತಾಂಡಾದ ಹುಡುಗಿ. ಅವರ ಮನೆಯವರು ದೀಪಾವಳಿ ಆದ ಮೇಲೆ ಮುಕಾದಮನ, ಅಂದರೆ ಕೂಲಿಯವರನ್ನು ಕರೆದೊಯ್ಯುವ ಗುತ್ತಿಗೆದಾರನ, ಹತ್ತಿರ ಮುಂಗಡ ತಗೊಂಡು ಟ್ರ್ಯಾಕ್ಟರ್ ಹತ್ತುತ್ತಾರೆ. ಒಂದು ವರ್ಷ ಬೆಳಗಾವಿ ಜಿಲ್ಲೆಯ ಕಡೆ, ಒಂದು ವರ್ಷ ಸಾಂಗ್ಲಿ, ಕೊಲ್ಹಾಪುರದ ಕಡೆ. ಹೊಲದ ದಂಡೆಯಲ್ಲಿ ರವದಿ, ಅಂದರೆ ಕಬ್ಬಿನ ಒಣಗರಿ, ಹೊದಿಸಿದ ಗುಡಿಸಲು. ಯುಗಾದಿ ಹೊತ್ತಿಗೆ ವಾಪಸ್. ಐದು ವರ್ಷ ಹಾಗೆ ದುಡಿದು ಮಣ್ಣಿನ ಮೇಲ್ಮುದ್ದೆ ತೆಗೆದು ಪತ್ರಾಸ್ ಹಾಕಿಸಿದ್ದರು. ಅವಳಿಗೆ ವಲಸೆಯ ಪರಿಣಾಮ ಅಂದರೆ ಮಳೆಗಾಲದಲ್ಲಿ ಸೋರದ ಮನೆ. ಅದನ್ನು ನಾನು ತಪ್ಪು ಅಂದೆ. ಹೆತ್ತವರ ಮೇಲೆ ಮಗಳ ಕೈಯಿಂದಲೇ ಚಾಡಿ ಬರೆಸಿದ ಹಾಗಾಯ್ತು, ಅಲ್ವಾ? ಅದೂ ಅಂಕದ ಆಸೆ ತೋರಿಸಿ.

ಅವತ್ತಿನಿಂದ ಆ ಉತ್ತರ ಬರೆಸುವುದು ಬಿಟ್ಟೆ. ಪಾಠ ಬಿಡಲಿಲ್ಲ. ಬಿಟ್ಟಿದ್ದರೆ ಸುಲಭವಿತ್ತು.

ಈಗ ಪತ್ರ ಬರೆದ ಹಿರಿಯರ ಮಾತಿಗೆ ಬರುತ್ತೇನೆ. ನದಿ ಕಲಿಸಿ ಅಂದಿದ್ದಾರೆ. ಸರಿ, ನದಿಯನ್ನೇ ತಗೊಳ್ಳೋಣ.

ನನ್ನ ತವರು ಹಳೆ ಬಾಗಲಕೋಟೆ. ಘಟಪ್ರಭೆಯ ಕಡೆಗೆ ಇಳಿಯುವ ತಗ್ಗಿನ ಓಣಿಯಲ್ಲಿ ನಮ್ಮ ಮನೆ ಇತ್ತು. ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ರಲ್ಲಿ ಅಡಿಗಲ್ಲು ಹಾಕಿದರು. ನಾನು ಹುಟ್ಟುವುದಕ್ಕೂ ಮೊದಲಿನ ಮಾತು. ನಮ್ಮ ಓಣಿಯ ಜನ ಮೂವತ್ತು ವರ್ಷಕ್ಕೂ ಮೇಲೆ "ನೀರು ಬರ್ತಾವಂತ" ಅನ್ನುತ್ತಲೇ ಮದುವೆ ಮಾಡಿದರು, ಗೋಡೆಗೆ ಸುಣ್ಣ ಹಚ್ಚಿದರು. ಕೊನೆಗೆ ನೀರು ಬಂದೇ ಬಂತು. ಅಣೆಕಟ್ಟು ಕೃಷ್ಣೆಗೆ ಕಟ್ಟಿದ್ದು. ಆದರೆ ಹಿನ್ನೀರು ಘಟಪ್ರಭೆಯ ಒಳಗೂ ಹಿಂದಕ್ಕೆ ತಳ್ಳಿಕೊಂಡು ಬಂತು. ಅಪ್ಪ, ಅವ್ವ ಮುಳುಗಡೆಯವರಿಗೆ ಅಂತ ಕಟ್ಟಿದ ನವನಗರಕ್ಕೆ ಹೋದರು. ಅಲ್ಲಿ ಓಣಿಗೆ ಹೆಸರಿಲ್ಲ, ಸೆಕ್ಟರ್ ನಂಬರ್. ಅವ್ವ ಸಾಯುವವರೆಗೂ ತನ್ನ ಸೆಕ್ಟರ್ ನಂಬರ್ ನೆನಪಿಟ್ಟುಕೊಳ್ಳಲಿಲ್ಲ. ಬೇಕಂತಲೇ ಅನಿಸುತ್ತದೆ.

ನಮ್ಮಂತೆ ನೂರಕ್ಕೂ ಹೆಚ್ಚು ಹಳ್ಳಿಗಳು ಜಾಗ ಬಿಟ್ಟವು. ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ಈಗಲೂ ನಡೆದೇ ಇದೆ. ನಮ್ಮ ಶಾಲೆಗೆ ಆಲಮಟ್ಟಿ ದೂರವೇನಲ್ಲ. ಮಕ್ಕಳು ಗಾರ್ಡನ್ ನೋಡಲು ಹೋಗುತ್ತಾರೆ, ಸಂಗೀತ ಕಾರಂಜಿ ನೋಡಿ ಬರುತ್ತಾರೆ. ಆಲಮಟ್ಟಿಯ ಎತ್ತರ, ಗೇಟುಗಳ ಸಂಖ್ಯೆ, ನೀರಾವರಿ ಆಗುವ ಎಕರೆ ಎಲ್ಲ ಹೇಳಿಕೊಟ್ಟು, ಅಲ್ಲಿಂದ ಎದ್ದು ಹೋದವರ ಮಾತು ಬಂದಾಗ "ಇದು ರಾಜಕೀಯ, ಪುಟ ತಿರುವಿ" ಅನ್ನಬೇಕಾ? ನದಿಯನ್ನು ಪೂರ್ತಿ ಕಲಿಸಿದರೆ ವಲಸೆ ತಾನಾಗಿಯೇ ಬರುತ್ತದೆ. ಅದನ್ನು ತಡೆಯಲು ನದಿಯನ್ನು ಅರ್ಧ ಕಲಿಸಬೇಕಾಗುತ್ತದೆ.

ಬೆಟ್ಟದ್ದೂ ಅಷ್ಟೇ. ಸಹ್ಯಾದ್ರಿಯ ಆಚೆ ಮಳೆ ಸುರಿದು ಈಚೆ ನಮ್ಮ ಬಯಲಿಗೆ ಬರುವಷ್ಟರಲ್ಲಿ ಮೋಡ ಖಾಲಿ. ಮಳೆಯ ನೆರಳು ಅಂತ ಕಲಿಸುತ್ತೇವೆ. ಆ ನೆರಳಿನಲ್ಲಿ ಕೂತವರು ಬರ ಬಂದಾಗ ಏನು ಮಾಡಿದರು? 1876ರಿಂದ 78ರ ದೊಡ್ಡ ಬರದಲ್ಲಿ ಆಗಿನ ಕಲಾದಗಿ ಜಿಲ್ಲೆಯ, ಅಂದರೆ ಈಗಿನ ಬಾಗಲಕೋಟೆ, ವಿಜಯಪುರ ಎರಡೂ ಜಿಲ್ಲೆಗಳ, ಜನಸಂಖ್ಯೆಯೇ ಇಳಿದುಹೋಯಿತು. ಸತ್ತವರು ಸತ್ತರು, ಉಳಿದವರಲ್ಲಿ ಎಷ್ಟೋ ಜನ ಹೋದರು. 1972ರ ಬರದ ಮಾತು ನಮ್ಮ ಮನೆಗಳಲ್ಲಿ ಈಗಲೂ ಬರುತ್ತದೆ. ಗುಳೆ ಅನ್ನುವ ಮಾತನ್ನು ನಾನು ಪಾಠದಲ್ಲಿ ವಿವರಿಸಬೇಕಾಗಿಲ್ಲ. ವಲಸೆ ಅಂದರೇನು ಅಂತ ಕೇಳಿದರೆ ಸುಮ್ನೆ ಕೂರುವ ಮಕ್ಕಳು ಗುಳೆ ಅಂದ ಕೂಡಲೇ ಕೈ ಎತ್ತುತ್ತಾರೆ.

ಇನ್ನು ಗಡಿ. ಹಿರಿಯರಿಗೆ ಇದೇ ಹೆಚ್ಚು ಚಿಂತೆ ಅಂತ ಕಾಣುತ್ತದೆ. ನನಗೆ ತರಗತಿಯಲ್ಲಿ ಅತಿ ಹೆಚ್ಚು ಖುಷಿ ಕೊಡುವ ಭಾಗವೂ ಇದೇ.

ನಾನು ಮದುವೆಯಾಗಿ ಈ ಕಡೆ ಬಂದಾಗ ಬಾಗಲಕೋಟೆ, ಬಿಜಾಪುರ ಒಂದೇ ಜಿಲ್ಲೆ. 1997ರಲ್ಲಿ ಬೇರೆಯಾದವು. ಅವತ್ತು ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಾ ಕೂತಲ್ಲೇ ಜಿಲ್ಲೆಯ ಒಳಗಿನ ವಲಸೆಗಾರ್ತಿ ಹೋಗಿ ಹೊರ ಜಿಲ್ಲೆಯ ವಲಸೆಗಾರ್ತಿಯಾದೆ. 2014ರಲ್ಲಿ ಜಿಲ್ಲೆಯ ಹೆಸರೂ ವಿಜಯಪುರ ಆಯ್ತು. ನಾನು ಕದಲಿರಲಿಲ್ಲ.

ನನ್ನ ಮಾವನವರ ಕತೆ ಇನ್ನೂ ಸ್ವಾರಸ್ಯ. 1950ರ ದಶಕದ ಮೊದಲಲ್ಲಿ ಅವರು ಸೊಲ್ಲಾಪುರದ ಬಟ್ಟೆ ಗಿರಣಿಗೆ ಕೆಲಸಕ್ಕೆ ಹೋದರು. ನಮಗೆ ಬೆಂಗಳೂರು ಸುಮಾರು 500 ಕಿಲೋಮೀಟರ್ ಆಚೆ, ಸೊಲ್ಲಾಪುರ ಅದರ ಕಾಲುಭಾಗದಷ್ಟು ದೂರ. ರೈಲೂ ಇತ್ತು. ಆಗ ಸೊಲ್ಲಾಪುರವೂ ಬಿಜಾಪುರವೂ ಮುಂಬೈ ರಾಜ್ಯದಲ್ಲೇ ಇದ್ದವು. 1956ರ ನವೆಂಬರ್ 1ಕ್ಕೆ ಬಿಜಾಪುರ, ಬೆಳಗಾವಿ, ಧಾರವಾಡ ಮೈಸೂರು ರಾಜ್ಯಕ್ಕೆ ಬಂದವು. ಸೊಲ್ಲಾಪುರ ಅಲ್ಲೇ ಉಳಿಯಿತು. ಮಾವ ರಾತ್ರಿ ಪಾಳಿ ಮುಗಿಸಿ ಮಲಗಿದ್ದರು, ಎದ್ದಾಗ ಹೊರ ರಾಜ್ಯದವರಾಗಿದ್ದರು. ಹಾಗಂತ ಅವರೇ ನಗುತ್ತಾ ಹೇಳುತ್ತಿದ್ದರು.

ಇದಕ್ಕಿಂತ ಒಂದು ಹೆಜ್ಜೆ ಹಿಂದೆ ಹೋಗಿ. ಸಿಂಧ್ ಪ್ರಾಂತ್ಯ 1936ರವರೆಗೆ ಮುಂಬೈ ಆಧಿಪತ್ಯದಲ್ಲಿತ್ತು. ಅಂದರೆ ಕರಾಚಿಯ ವ್ಯಾಪಾರಿ, ಬಿಜಾಪುರದ ಒಕ್ಕಲಿಗ ಇಬ್ಬರಿಗೂ ಮುಂಬೈಯೇ ರಾಜಧಾನಿ. ಹನ್ನೊಂದು ವರ್ಷ ಕಳೆಯುತ್ತಿದ್ದಂತೆ ಆ ಕರಾಚಿಯವನು ನಿರಾಶ್ರಿತ ಅನ್ನಿಸಿಕೊಂಡು ಈ ಕಡೆ ಬಂದ. ಬೋರ್ಡಿನ ಮೇಲೆ ನಾನು ಮೂರು ನಕ್ಷೆ ಬಿಡಿಸುತ್ತೇನೆ: 1935, 1947, 1956. ಜನರನ್ನು ಚುಕ್ಕಿ ಮಾಡಿ ಇಡುತ್ತೇನೆ. ಗೆರೆಯನ್ನು ಒರೆಸಿ ಒರೆಸಿ ಬೇರೆ ಕಡೆ ಎಳೆಯುತ್ತೇನೆ. ದೇಶದೊಳಗಿನ ವಲಸೆ ಅಂದರೇನು, ಹೊರದೇಶದಿಂದ ಬಂದ ವಲಸೆ ಅಂದರೇನು ಅನ್ನುವ ವ್ಯತ್ಯಾಸ ಆ ಹತ್ತು ನಿಮಿಷದಲ್ಲಿ ಮಕ್ಕಳಿಗೆ ಹತ್ತುತ್ತದೆ. ಗೈಡಿನಲ್ಲಿ ಇರುವ ಎರಡು ಸಾಲಿನ ವ್ಯಾಖ್ಯೆಯಿಂದ ನನಗೇ ಹತ್ತಿರಲಿಲ್ಲ.

ಕಾನೂನು ಬೇಡ ಅಂತ ನಾನು ಹೇಳುತ್ತಿಲ್ಲ. ದೇಶ ಅಂದ ಮೇಲೆ ಗಡಿ ಇದೆ, ಪಾಸ್‌ಪೋರ್ಟ್ ಇದೆ, ವೀಸಾ ಇದೆ. ಅದನ್ನೂ ಕಲಿಸುತ್ತೇನೆ. ವಲಸಿಗ, ನಿರಾಶ್ರಿತ, ಅಕ್ರಮವಾಗಿ ಗಡಿ ದಾಟಿದವನು ಅಂತ ಬೋರ್ಡಿನ ಮೇಲೆ ಮೂರು ಮಾತು ಬೇರೆ ಬೇರೆ ಬರೆಯುತ್ತೇನೆ. ದುಡಿಮೆಗೆ ಹೋದವನು ಬೇರೆ, ಜೀವಭಯಕ್ಕೆ ಓಡಿ ಬಂದವನು ಬೇರೆ. ನಿರಾಶ್ರಿತರ ಬಗ್ಗೆ 1951ರಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದ ಆಗಿದೆ, ಭಾರತ ಅದಕ್ಕೆ ಸಹಿ ಹಾಕಿಲ್ಲ. ಹಾಗಿದ್ದೂ 1960ರ ದಶಕದಲ್ಲಿ ಬೈಲಕುಪ್ಪೆ, ಮುಂಡಗೋಡದಲ್ಲಿ ಟಿಬೆಟಿನವರಿಗೆ ಜಾಗ ಕೊಟ್ಟಿದ್ದು ನಮ್ಮ ರಾಜ್ಯವೇ. ರಾಯಚೂರು ಜಿಲ್ಲೆಯ ಸಿಂಧನೂರಿನ ಕ್ಯಾಂಪ್‌ಗಳಲ್ಲಿ ಬಂಗಾಳಿ ಕುಟುಂಬಗಳಿವೆ. ಇದನ್ನೆಲ್ಲ ಕಲಿಯಲು ಮೆಕ್ಸಿಕೋ, ಅಮೆರಿಕದ ತನಕ ಹೋಗಬೇಕಾಗಿಲ್ಲ. ಆದರೆ ಗೈಡುಗಳಲ್ಲಿ ಉದಾಹರಣೆ ಬರುವುದು ಅಲ್ಲಿಂದಲೇ.

ಮಕ್ಕಳಿಗೆ ಇದು ಬೇಡ ಅನ್ನುವವರು ಒಂದು ಮಾತು ಮರೆಯುತ್ತಾರೆ. ನಾವು ಕಲಿಸದಿದ್ದರೆ ಮಕ್ಕಳು ಕಲಿಯದೇ ಇರುವುದಿಲ್ಲ. ಮೊಬೈಲ್ ಇದೆ.

ಹೋದ ವರ್ಷ ಊರಿನಲ್ಲಿ ಒಂದು ಹೊಸ ಮನೆಗೆ ಟೈಲ್ಸ್ ಹಾಕಲು ನಾಲ್ಕು ಹುಡುಗರು ಬಂದಿದ್ದರು. ತಮ್ಮತಮ್ಮಲ್ಲಿ ಬಂಗಾಳಿ ಮಾತಾಡುತ್ತಿದ್ದರು. ಮರುದಿನ ತರಗತಿಯಲ್ಲಿ ಒಬ್ಬ ಎದ್ದು ನಿಂತ. "ಅಕ್ಕೋರೆ, ಅವರು ಬಾಂಗ್ಲಾದೇಶದವರು ಅದಾರಂತ್ರಿ. ಗ್ರೂಪಿನಾಗ ಬಂದೈತಿ." ನಾನು ಉಪದೇಶ ಮಾಡಲಿಲ್ಲ. ಅಟ್ಲಾಸ್ ಕೊಟ್ಟು ಮೂವರನ್ನು ಕಳಿಸಿದೆ. ಹೋಗಿ ಅವರ ಊರು ಯಾವುದು, ಹತ್ತಿರದ ನದಿ ಯಾವುದು, ರೈಲು ಎಲ್ಲಿಂದ ಹತ್ತಿದರು, ಇಷ್ಟೇ ಕೇಳಿಕೊಂಡು ಬನ್ನಿ ಅಂದೆ.

ಮಧ್ಯಾಹ್ನ ಊಟದ ಗಂಟೆ ಹೊಡೆಯುವ ಹೊತ್ತಿಗೆ ಓಡಿಬಂದರು. ಜಿಲ್ಲೆ ಮಾಲ್ಡಾ. ಅಟ್ಲಾಸಿನಲ್ಲಿ ಬೆರಳಿಟ್ಟು ತೋರಿಸಿದರು, ಗಡಿಯ ಈಚೆಗೆ, ಪಶ್ಚಿಮ ಬಂಗಾಳದಲ್ಲಿ. ನದಿ ಗಂಗೆ. "ಅಕ್ಕೋರೆ, ಅವರ ಮನಿ ನದ್ಯಾಗ ಹೋತಂತ್ರಿ." ಮಾಲ್ಡಾ, ಮುರ್ಶಿದಾಬಾದಿನ ಕಡೆ ಗಂಗೆ ದಂಡೆ ಕೊರೆಯುತ್ತಾಳೆ. ಹೊಲ, ಮನೆ, ಶಾಲೆ ಸಮೇತ ಕುಸಿದು ನೀರಿಗೆ ಬೀಳುತ್ತವೆ. ನಾನು ಒಂದು ಗಳಿಗೆ ಮಾತಾಡಲಿಲ್ಲ. ಆ ಟೈಲ್ಸ್ ಹುಡುಗರಿಗೂ ನನಗೂ ತವರು ನೀರಿನಲ್ಲೇ ಇದೆ. ಅವರದನ್ನು ನದಿ ಕೊರೆದು ತಗೊಂಡಿತು, ನನ್ನದನ್ನು ಅಳತೆ ಮಾಡಿ ತಗೊಂಡಿತು, ಪರಿಹಾರದ ಚೆಕ್ ಕೊಟ್ಟು.

ಬಂಗಾಳಿ ಎರಡು ದೇಶದ ಭಾಷೆ, ನುಡಿ ಕೇಳಿ ದೇಶ ಹೇಳಲು ಬರುವುದಿಲ್ಲ ಅಂತ ಅವತ್ತು ಮಕ್ಕಳೇ ಹೇಳಿದರು. ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ: "ಗೋವಾದಾಗ ನಮಗ ಘಾಟಿ ಅಂತಾರ್ರಿ ಅಕ್ಕೋರೆ. ಕನ್ನಡ ಮಾತಾಡಿದ್ರ ಸಾಕು." ಅವನ ಅಪ್ಪ ಅಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಾನೆ. ಇವನೂ ರಜೆಯಲ್ಲಿ ಎರಡು ಸಲ ಹೋಗಿ ಬಂದಿದ್ದಾನೆ. ಘಟ್ಟದ ಮೇಲಿನವರು ಅಂತ ಆ ಹೆಸರು. ಕರೆಯುವ ರೀತಿಯಲ್ಲಿ ಬೈಗುಳ ಇರುತ್ತದೆ. ತರಗತಿ ತಣ್ಣಗಾಯಿತು. ಟೈಲ್ಸ್‌ನವರ ವಿಷಯ ತೆಗೆದಿದ್ದ ಹುಡುಗ ತಲೆ ತಗ್ಗಿಸಿ ಅಟ್ಲಾಸ್ ನೋಡುತ್ತಿದ್ದ. ಅವನ ಅಣ್ಣನೂ ಗೋವಾದಲ್ಲೇ ಇದ್ದಾನೆ.

ಗೋವಾ ಅಂದ ಮೇಲೆ ನೆನಪಾಯಿತು. 1510ರಲ್ಲಿ ಪೋರ್ಚುಗೀಸರು ಹಿಡಿಯುವ ಮೊದಲು ಗೋವಾ ಇದ್ದಿದ್ದು ಬಿಜಾಪುರದ ಆದಿಲ್‌ಶಾಹಿಗಳ ಕೈಯಲ್ಲಿ. ಪೋರ್ಚುಗೀಸರು ತಂದ ಮೆಣಸಿನಕಾಯಿ ಘಟ್ಟ ಹತ್ತಿ ಬಂದು ನಮ್ಮ ಕೆಂಪು ಖಾರ ಆಯಿತು. ಅದರ ಮೂಲ ಅಮೆರಿಕ ಖಂಡ. ರೊಟ್ಟಿಯ ಜೋಳ ಸಾವಿರಾರು ವರ್ಷದ ಹಿಂದೆ ಆಫ್ರಿಕಾದಿಂದ ಬಂದದ್ದು. ಶೇಂಗಾ ಮತ್ತೆ ಅಮೆರಿಕದ್ದೇ. ಮಕ್ಕಳಿಗೆ ಬುತ್ತಿ ಬಿಚ್ಚಿಸಿ ಇದನ್ನು ಹೇಳುತ್ತೇನೆ. ಬುತ್ತಿಯಲ್ಲಿ ನಮ್ಮೂರದ್ದು ಅಂತ ಉಳಿಯುವುದು ಏನು ಅಂತ ಹುಡುಕಾಟ ನಡೆಯುತ್ತದೆ. ಕೊನೆಗೆ ಒಬ್ಬಳು "ಅವ್ವನ ಕೈ" ಅಂದಳು. ಹಿರಿಯರು ಬೆಳೆ ಕಲಿಸಿ ಅಂದಿದ್ದರಲ್ಲ, ಇದೂ ಅದೇ ಪಾಠ.

ವಿಜಯಪುರಕ್ಕೆ ಪ್ರವಾಸ ಹೋದಾಗ ಎಲ್ಲರೂ ಗೋಳಗುಮ್ಮಟದಲ್ಲಿ ಕೂಗಿ ಪ್ರತಿಧ್ವನಿ ಕೇಳಿ ಬರುತ್ತಾರೆ. ನಾನು ಮಕ್ಕಳನ್ನು ಮಲಿಕ್-ಎ-ಮೈದಾನ್ ಫಿರಂಗಿಯ ಹತ್ತಿರ ಜಾಸ್ತಿ ಹೊತ್ತು ನಿಲ್ಲಿಸುತ್ತೇನೆ. ಅದನ್ನು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದವನು ಮುಹಮ್ಮದ್ ಬಿನ್ ಹಸನ್ ರೂಮಿ. ರೂಮಿ ಅಂದರೆ ರೂಮ್ ದೇಶದವನು, ಈಗಿನ ಟರ್ಕಿಯ ಕಡೆಯವನು. ಕೈಯಲ್ಲಿ ಕಸುಬು ಇದ್ದವನನ್ನು ರಾಜರು ದೂರದಿಂದ ಕರೆಸಿಕೊಳ್ಳುತ್ತಿದ್ದ ಕಾಲ. ದಖ್ಖನಿನ ಚರಿತ್ರೆ ಬರೆದ ಫೆರಿಸ್ತಾ ಹುಟ್ಟಿದ್ದು ಪರ್ಷಿಯಾದಲ್ಲಿ, ಚಿಕ್ಕವನಿದ್ದಾಗ ಅಪ್ಪನ ಜೊತೆ ಬಂದವನು, ಬರೆದಿದ್ದು ಬಿಜಾಪುರದ ಆಸ್ಥಾನದಲ್ಲಿ. ಹೊರಗಿನಿಂದ ಬಂದವರಿಗೆ ಆಫಾಕಿಗಳು, ಮೊದಲೇ ನೆಲೆಸಿದ್ದವರಿಗೆ ದಖ್ಖನಿಗಳು ಅಂತ ಹೆಸರು. ಇಬ್ಬರ ನಡುವೆ ಹುದ್ದೆಗಾಗಿ ಜಗಳ, ಕೊಲೆ ಎಲ್ಲ ನಡೆದಿವೆ. ಅದನ್ನೂ ಮುಚ್ಚಿಡುವುದಿಲ್ಲ. ಹೊರಗಿನವರು ಬಂದರೆ ಬರೀ ಹಬ್ಬ ಅಂತ ಹೇಳಿದರೆ ಮಕ್ಕಳು ನಂಬುವುದಿಲ್ಲ, ನಂಬಲೂ ಬಾರದು.

ಅಂಕಿಗಳ ಮಾತು ಒಂದಿಷ್ಟು ಹೇಳಬೇಕು. ಇದರಲ್ಲೇ ಎಲ್ಲರೂ ಮೋಸ ಹೋಗುವುದು.

ನನ್ನ ಒಂಬತ್ತನೇ ತರಗತಿಯಲ್ಲಿ 54 ಮಕ್ಕಳು. ಒಂದು ದಿನ ಅಂದೆ: ಈ ತರಗತಿ ಅಂದರೆ ಇಡೀ ಜಗತ್ತು. ಹುಟ್ಟಿದ ದೇಶ ಬಿಟ್ಟು ಬೇರೆ ದೇಶದಲ್ಲಿ ಇರುವವರು ಎಷ್ಟು ಜನ ನಿಲ್ಲಬೇಕು ಹೇಳಿ. ಹತ್ತು ಅಂದರು, ಇಪ್ಪತ್ತು ಅಂದರು. ವಿಶ್ವಸಂಸ್ಥೆಯ 2024ರ ಲೆಕ್ಕದಲ್ಲಿ ಅವರು 30 ಕೋಟಿ ಚಿಲ್ಲರೆ, ನೂರಕ್ಕೆ ನಾಲ್ಕಕ್ಕೂ ಕಡಿಮೆ. ನಾನು ಇಬ್ಬರನ್ನು ನಿಲ್ಲಿಸಿದೆ. "ಇಬ್ಬರೇನ್ರಿ? ಟಿವಿ ನೋಡಿದ್ರ ಮಂದಿ ಎಲ್ಲಾ ಓಡಾಕತ್ತಾರ ಅನಸ್ತೈತಿ" ಅಂದಳು ಒಬ್ಬಳು.

ಆಮೇಲೆ ಈ ತರಗತಿ ಅಂದರೆ ಭಾರತ ಅಂದೆ. 2011ರ ಜನಗಣತಿಯಂತೆ ಹಿಂದೆ ಇದ್ದ ಊರು ಬಿಟ್ಟು ದೇಶದೊಳಗೇ ಬೇರೆ ಊರಿನಲ್ಲಿ ಇರುವವರು 45 ಕೋಟಿಗೂ ಹೆಚ್ಚು. ನೂರಕ್ಕೆ ಸುಮಾರು 37. ಇಪ್ಪತ್ತು ಮಕ್ಕಳನ್ನು ನಿಲ್ಲಿಸಬೇಕಾಯಿತು. ಅದರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಮದುವೆಯ ಕಾರಣಕ್ಕೆ, ಹೆಚ್ಚುಕಡಿಮೆ ಎಲ್ಲರೂ ಹೆಂಗಸರು. ನಿಂತವರಲ್ಲಿ ನಾನೂ ಒಬ್ಬಳು ಅಂದಾಗ ಹುಡುಗಿಯರು ನಕ್ಕರು. ವಲಸೆ ಅಂದ ಕೂಡಲೇ ನಾವು ಮೂಟೆ ಹೊತ್ತ ಗಂಡಸನ್ನು ನೆನೆಯುತ್ತೇವೆ. ದೇಶದ ಅತಿ ದೊಡ್ಡ ವಲಸೆ ನಡೆಯುವುದು ಅಕ್ಕಿಕಾಳಿನ ಜೊತೆ, ವಾಲಗದ ಜೊತೆ. ರಾವೆನ್‌ಸ್ಟೈನ್ ಅಂತ ಒಬ್ಬರು 1885ರಲ್ಲಿ ಇಂಗ್ಲೆಂಡಿನ ಜನಗಣತಿ ಹಿಡಿದುಕೊಂಡು ಇದನ್ನೇ ಹೇಳಿದ್ದರು: ಹೆಚ್ಚಿನವರು ಹತ್ತಿರಕ್ಕೇ ಹೋಗುತ್ತಾರೆ, ಹತ್ತಿರಕ್ಕೆ ಹೋಗುವವರಲ್ಲಿ ಹೆಂಗಸರು ಜಾಸ್ತಿ, ಹೋಗುವ ಪ್ರತಿ ಹರಿವಿಗೆ ಎದುರಾಗಿ ವಾಪಸ್ ಬರುವ ಹರಿವೂ ಇರುತ್ತದೆ. ಅವರೂ ಜರ್ಮನಿಯಲ್ಲಿ ಹುಟ್ಟಿ ಇಂಗ್ಲೆಂಡಿಗೆ ಹೋದವರು.

ಆ 2011ರ ಜನಗಣತಿಯಲ್ಲಿ ನಾನೂ ಗಣತಿದಾರಳಾಗಿದ್ದೆ. ಫೆಬ್ರವರಿ 9ರಿಂದ 28. ನನಗೆ ಬಂದ ಭಾಗದಲ್ಲಿ ಒಂದು ತಾಂಡಾ ಇತ್ತು. ಹುಟ್ಟಿದ ಊರು ಯಾವುದು, ಹಿಂದೆ ಎಲ್ಲಿದ್ದಿರಿ, ಯಾಕೆ ಬಂದಿರಿ, ಎಷ್ಟು ವರ್ಷ ಆಯಿತು ಅಂತ ಕೇಳುವ ಕಾಲಂಗಳಿದ್ದವು. ಕೇಳೋಣ ಅಂದರೆ ಮನೆಗಳಿಗೆ ಬೀಗ. ಜಗುಲಿಯ ಮೇಲೆ ಒಬ್ಬ ಮುದುಕಿ, ಎರಡು ಆಡು, ನಾಲ್ಕು ಸಣ್ಣ ಮಕ್ಕಳು. ಫೆಬ್ರವರಿ ಅಂದರೆ ಕಬ್ಬಿನ ಸುಗ್ಗಿಯ ಮಧ್ಯ. ಅವರನ್ನು ಇದ್ದಲ್ಲೇ, ಆ ರವದಿಯ ಗುಡಿಸಲಿನಲ್ಲೇ ಎಣಿಸಬೇಕು ಅನ್ನುವುದು ನಿಯಮ. ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಅನ್ನುವವರಿಗೆ ಆ ಕಾಲಂಗಳು ಹೊಂದುವುದಿಲ್ಲ. ಮುಂದಿನ ಜನಗಣತಿ 2027ರ ಮಾರ್ಚ್ 1ರ ಲೆಕ್ಕಕ್ಕೆ ಆಗುತ್ತದೆ. ಅದೂ ಸುಗ್ಗಿಯೇ. ಇಂಥ ಮಾತನ್ನು ಒಂಬತ್ತನೇ ತರಗತಿಯ ಮಗು ಕೇಳಿಸಿಕೊಂಡರೆ ಅಂಕಿ ಅಂದರೇನು ಅನ್ನುವುದೂ ಅದಕ್ಕೆ ಗೊತ್ತಾಗುತ್ತದೆ.

ಹೊರದೇಶದ ವಲಸೆಯೂ ನಮ್ಮ ಮಕ್ಕಳಿಗೆ ದೂರದ್ದಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಎರಡು ವಿಷಯ ಉಳಿಸಿಕೊಂಡಿದ್ದ ನಮ್ಮ ಹಳೆಯ ವಿದ್ಯಾರ್ಥಿ ಒಬ್ಬ ಒಮ್ಮೆ ಪಾಸ್‌ಪೋರ್ಟ್ ಹಿಡಿದುಕೊಂಡು ಶಾಲೆಗೆ ಬಂದ. ಕೊಲ್ಲಿಗೆ ಹೋಗುವವನಿದ್ದ. ಪಾಸ್‌ಪೋರ್ಟ್ ಇಸಿಆರ್ ಆಗಿದೆ, ಏಜೆಂಟ್ ಜಾಸ್ತಿ ದುಡ್ಡು ಕೇಳುತ್ತಾನೆ, ಏನು ಮಾಡಲಿ ಅಂದ. ನನಗೆ ಆ ಮೂರಕ್ಷರದ ಅರ್ಥ ಅವತ್ತು ತಿಳಿದಿರಲಿಲ್ಲ. ವಿಚಾರಿಸಿದೆ. ಎಮಿಗ್ರೇಷನ್ ಚೆಕ್ ರಿಕ್ವೈರ್ಡ್, ಅಂದರೆ ದೇಶ ಬಿಡುವ ಮೊದಲು ತಪಾಸಣೆ ಆಗಬೇಕು. ಹತ್ತನೇ ತರಗತಿ ಪಾಸಾಗದವರು ಕೊಲ್ಲಿಯ ದೇಶಗಳಿಗೆ ದುಡಿಯಲು ಹೋಗಬೇಕಾದರೆ ಸರ್ಕಾರದ ಅನುಮತಿ ಪಡೆಯಬೇಕು. 1983ರ ವಲಸೆ ಕಾಯ್ದೆಯಡಿ ಇರುವ ನಿಯಮ ಇದು. ಅವರು ಮೋಸ ಹೋಗದಿರಲಿ ಅಂತ ಮಾಡಿದ್ದು. ಅದನ್ನೇ ತೋರಿಸಿ ಏಜೆಂಟರು ಹೆದರಿಸಿ ದುಡ್ಡು ಕೀಳುತ್ತಾರೆ. ಹತ್ತನೇ ತರಗತಿಯ ಒಂದು ಅಂಕಪಟ್ಟಿ ಪಾಸ್‌ಪೋರ್ಟಿನ ಮೇಲೆ ಏನು ಬರೆಸುತ್ತದೆ ಅಂತ ಹತ್ತನೇ ತರಗತಿಯಲ್ಲೇ ಹೇಳದಿದ್ದರೆ ಇನ್ನೆಲ್ಲಿ ಹೇಳುವುದು? ಈಗ ಪ್ರತಿ ವರ್ಷ ಹೇಳುತ್ತೇನೆ. ಇದಕ್ಕೆ ಹುಡುಗರು ಕಿವಿ ಕೊಡುವಷ್ಟು ಮಾನ್ಸೂನ್ ಮಾರುತಕ್ಕೆ ಕೊಡುವುದಿಲ್ಲ.

ಪ್ರಶ್ನೆಪತ್ರಿಕೆ ಮಾಡುವವರಲ್ಲಿ, ತರಬೇತಿ ಕೊಡುವವರಲ್ಲಿ ನನ್ನ ಕೇಳಿಕೆ ದೊಡ್ಡದೇನಲ್ಲ. ಪರಿಣಾಮಗಳನ್ನು ಪಟ್ಟಿ ಮಾಡಿ ಅನ್ನುವ ಪ್ರಶ್ನೆಯನ್ನು ಒಂದೆರಡು ವರ್ಷ ಬದಿಗಿಡಿ. ನಿಮ್ಮ ಮನೆಯಿಂದ ಯಾರು ಎಲ್ಲಿಗೆ ಹೋದರು, ನಕ್ಷೆಯಲ್ಲಿ ಗೆರೆ ಎಳೆದು ಕಾರಣ ಬರೆಯಿರಿ ಅಂತ ಕೇಳಿ. ಹೋದ ಊರಿಗೆ ಏನಾಯಿತು, ಬಿಟ್ಟ ಊರಿಗೆ ಏನಾಯಿತು, ಹೋದವರಿಗೆ ಏನಾಯಿತು, ಮೂರನ್ನೂ ಕೇಳಿ. ಈಗ ನಾವು ಮೊದಲನೆಯದನ್ನು ಮಾತ್ರ ಕೇಳುತ್ತೇವೆ, ಅದೂ ಅಲ್ಲಿನ ಮನೆ ಮಾಲೀಕನ ಕಣ್ಣಿನಿಂದ. ಉತ್ತರ ಒಂದೊಂದು ಮಗುವಿನದು ಒಂದೊಂದು ಥರ ಬರುತ್ತದೆ, ತಿದ್ದುವುದು ಕಷ್ಟ ಅಂತ ನನ್ನ ಜೊತೆಯ ಶಿಕ್ಷಕರು ಹೇಳುತ್ತಾರೆ. ಕಷ್ಟವೇ. 54 ನಕ್ಷೆ ತಿದ್ದಲು ನನಗೆ ಎರಡು ಭಾನುವಾರ ಹೋಗುತ್ತವೆ. ಕೆಲವು ಮಕ್ಕಳು ಮನೆಯ ಮಾತು ಹೇಳಲು ಒಲ್ಲೆ ಅನ್ನುತ್ತಾರೆ, ಅವರನ್ನು ಒತ್ತಾಯ ಮಾಡಬಾರದು. ಅಂಥವರಿಗೆ ನನ್ನ ಮನೆಯ ನಕ್ಷೆ ಕೊಡುತ್ತೇನೆ, ಬಾಗಲಕೋಟೆ, ಸೊಲ್ಲಾಪುರ ಎಲ್ಲ ಇದೆ, ಅದರ ಮೇಲೆ ಬರೆಯಿರಿ ಅನ್ನುತ್ತೇನೆ.

ಆ ಪತ್ರಾಸಿನ ಹುಡುಗಿಯ ಉತ್ತರಪತ್ರಿಕೆ ಈಗ ನನ್ನ ಹತ್ತಿರ ಇಲ್ಲ, ಇದ್ದಿದ್ದರೆ ಅಂಕ ತಿದ್ದುತ್ತಿದ್ದೆ. ಅವಳು ಹತ್ತನೇ ತರಗತಿ ಪಾಸಾಗಿ ವಿಜಯಪುರದಲ್ಲಿ ಹಾಸ್ಟೆಲಿನಲ್ಲಿದ್ದು ಪಿಯುಸಿ ಮುಗಿಸಿದ್ದಾಳೆ. ಅವಳ ತಮ್ಮ ಈಗ ನನ್ನ ತರಗತಿಯಲ್ಲಿದ್ದಾನೆ.

ಪತ್ರ ಬರೆದ ಹಿರಿಯರು ಒಪ್ಪಿದರೆ ನಮ್ಮ ಶಾಲೆಗೆ ಒಮ್ಮೆ ಬರಲಿ. ಶನಿವಾರ ಬೆಳಗಿನ ಶಾಲೆ ಇರುತ್ತದೆ, ಎರಡನೇ ಪಿರಿಯಡ್ ನನ್ನದು. ಮಕ್ಕಳ ಜೊತೆ ಕೂತು ಅವರ ನಕ್ಷೆಗಳನ್ನು ನೋಡಲಿ, ಬೇಡ ಅನ್ನಿಸಿದರೆ ನನ್ನ ಮುಖಕ್ಕೇ ಹೇಳಲಿ. ಆದರೆ ದೀಪಾವಳಿಗೆ ಮೊದಲು ಬರಬೇಕು. ಆಮೇಲೆ ಬಂದರೆ ಹಿಂದಿನ ಎರಡು ಬೆಂಚು ಖಾಲಿ ಇರುತ್ತವೆ.

ಇಂತಿ,
ಒಬ್ಬ ಸಮಾಜ ವಿಜ್ಞಾನ ಶಿಕ್ಷಕಿ
ಬಸವನ ಬಾಗೇವಾಡಿ ತಾಲ್ಲೂಕು, ವಿಜಯಪುರ ಜಿಲ್ಲೆ
(ಇನ್ನೂ ನೌಕರಿಯಲ್ಲಿದ್ದೇನೆ, ದಯವಿಟ್ಟು ಹೆಸರು ಹಾಕಬೇಡಿ.)